ಕೆರೆದು ಹಾಕಿದ ಮೊಟ್ಟೆಗಳು

ಅರವತ್ತರ ದಶಕದಲ್ಲಿ ನಾನು ಶಿವಮೊಗ್ಗದ ಒಂದು ಫೋಟೋ ಸ್ಟುಡಿಯೋದಲ್ಲಿ ಟಚಿಂಗ್ ಕೆಲಸ ಮಾಡುತ್ತಿದ್ದೆ. ಮದುವೆಗೆಂದು ತೆಗೆಸಿದ ಹುಡುಗಿಯ ಫೋಟೋ ಬಂದರೆ, ಗಾಜಿನ ನೆಗೆಟಿವ್ ಮೇಲೆ ಅವಳ ಸಿಡುಬಿನ ಕುಳಿಗಳನ್ನು ಪೆನ್ಸಿಲ್ಲಿನಿಂದ ತುಂಬುವುದು, ಪ್ರಿಂಟಿನಲ್ಲಿ ಬೆಳ್ಳಗೆ ಎದ್ದು ಕಾಣುವಂಥ ಚುಕ್ಕೆಗಳನ್ನು ಸಣ್ಣ ಚಾಕುವಿನಿಂದ ಕೆರೆಯುವುದು. ಪೆನ್ಸಿಲ್ ಗುರುತನ್ನು ಅಳಿಸಬಹುದು. ಕೆರೆದದ್ದು ಮಾತ್ರ ಹೋಯಿತೆಂದರೆ ಹೋಯಿತು.

ಭದ್ರಾವತಿಯ ಹೈಸ್ಕೂಲಿನಿಂದ ಒಬ್ಬ ವಿಜ್ಞಾನದ ಮೇಷ್ಟ್ರು ಒಂದು ದಿನ ಬಾಟಲಿ ಹಿಡಿದುಕೊಂಡು ರೈಲಿನಲ್ಲಿ ಬಂದರು. ಒಳಗೆ ಹುಣಸೆಬೀಜದಷ್ಟು ದೊಡ್ಡ ನೀರುತಿಗಣೆ, ಕೆರೆಯಲ್ಲಿರುವ ಹುಳ. ನಮ್ಮ ಮಾಲೀಕರ ಮರದ ಕ್ಯಾಮೆರಾದ, ಹಾರ್ಮೋನಿಯಂ ತಿದಿಯಂಥ ಮಡಿಕೆಚೀಲವನ್ನು ಪೂರ್ತಿ ಎಳೆದರೆ ಹುಳ ಇದ್ದಷ್ಟೇ ದೊಡ್ಡದಾಗಿ ಗಾಜಿನ ಪ್ಲೇಟಿನ ಮೇಲೆ ಬೀಳುತ್ತಿತ್ತು. ಅದು ಮುಂಗಾಲುಗಳಲ್ಲಿ ಕಪ್ಪೆಮರಿಯೊಂದನ್ನು ಹಿಡಿದು ಹೀರುತ್ತಿದ್ದಾಗ ಮಾಲೀಕರೇ ಚಿತ್ರ ತೆಗೆದರು. ನಾನು ಹಿಂದಿನ ಕೋಣೆಯಲ್ಲಿದ್ದೆ. ಹುಳವನ್ನು ಸರಿಯಾಗಿ ನೋಡಲೇ ಇಲ್ಲ.

ಪ್ಲೇಟ್ ಕೈಗೆ ಬಂದಾಗ ಹುಳದ ಬೆನ್ನ ತುಂಬ ಚುಕ್ಕೆಗಳು. ಪಾಪ, ಇದಕ್ಕೂ ಸಿಡುಬು ಎಂದುಕೊಂಡು ಒಂದೊಂದನ್ನೇ ಕೆರೆದೆ. ಬೆನ್ನು ಮದುಮಗಳ ಕೆನ್ನೆಯಂತೆ ನುಣ್ಣಗಾಯಿತು.

ಪ್ರಿಂಟ್ ನೋಡಿ ಮೇಷ್ಟ್ರ ಮುಖ ಇಳಿಯಿತು. “ಮೊಟ್ಟೆ ಎಲ್ಲಿ ಮಾರಾಯ?”

ಈ ಜಾತಿಯಲ್ಲಿ ಹೆಣ್ಣು ಗಂಡಿನ ಬೆನ್ನ ಮೇಲೆ ಮೊಟ್ಟೆ ಅಂಟಿಸುತ್ತದೆಯಂತೆ, ಮರಿಯಾಗುವವರೆಗೂ ಅಪ್ಪನೇ ಹೊರುತ್ತಾನಂತೆ. ಶಾಲೆಯ ಪ್ರದರ್ಶನದಲ್ಲಿ ಅದನ್ನು ತೋರಿಸಲೆಂದೇ ಅವರು ಚಿತ್ರ ತೆಗೆಸಿದ್ದರು. ಚಿತ್ರ ಸಿಕ್ಕಿತೆಂದು ಹುಳವನ್ನು ಆಗಲೇ ಕೆರೆಗೆ ಬಿಟ್ಟಾಗಿತ್ತು.

ಕೆಲಸ ಹೋದೀತೆಂಬ ಭಯಕ್ಕೆ ಸುಳ್ಳು ಹೇಳಿದೆ. “ಪ್ಲೇಟಲ್ಲಿ ಇದ್ದದ್ದೇ ಇಷ್ಟು ಸಾರ್.”

ಹದಿನೈದು ದಿನ ಬಿಟ್ಟು ಅವರು ಮತ್ತೆ ಬಂದಾಗ ಮೂಗಿನ ಮೇಲೆ ಹೊಸ ಕನ್ನಡಕವಿತ್ತು. “ನನ್ನ ಕಣ್ಣೇ ಸರಿ ಇಲ್ಲ ಅನ್ನಿಸ್ತು ಮಾರಾಯ. ನಮ್ಮ ಶಾಲೆ ಗಣಿತದ ಮೇಷ್ಟ್ರಂತೂ, ಗಂಡು ಮೊಟ್ಟೆ ಹೊರೋದು ಆಮೇಲೆ, ಮೊದ್ಲು ನಿಮ್ಮನೇಲಿ ತೊಟ್ಟಿಲು ತೂಗಿ ಅಂತ ನಗ್ತಾರೆ,” ಎಂದರು.

ನನಗೆ ತಡೆಯಲಾಗಲಿಲ್ಲ. “ಕಣ್ಣು ಸರಿ ಇದೆ ಸಾರ್. ಕೆರೆದು ಹಾಕಿದ್ದು ನಾನು.”

ಅವರು ಕನ್ನಡಕ ತೆಗೆದರು, ನನ್ನನ್ನು ನೋಡಿದರು, ಮತ್ತೆ ಹಾಕಿಕೊಂಡರು. “ಹಾಗಾದ್ರೆ ಇದನ್ನ ಯಾಕೋ ಹಾಕಿಸ್ಕೊಂಡೆ ನಾನು?” ಎಂದು ಕೂಗಿದ್ದು ಬೀದಿಗೂ ಕೇಳಿರಬೇಕು. ಒಳಗಿನಿಂದ ಬಂದ ಮಾಲೀಕರಿಗೂ ನಾನೇ ಎಲ್ಲ ಹೇಳಿದೆ. ಅವರು ಬೈದರು, ಆದರೆ ಕೆಲಸದಿಂದ ತೆಗೆಯಲಿಲ್ಲ. ಶಿಕ್ಷೆ ಕೊಟ್ಟವರು ಮೇಷ್ಟ್ರು.

“ಇನ್ಮೇಲೆ ನಿನ್ನ ಭಾನುವಾರ ಎಲ್ಲ ನಂದು. ಕೆರೆಗೆ ಇಳಿ, ಕೆರೀಬೇಡ.”

ಪ್ರದರ್ಶನ ಹತ್ತಿರ ಬರುತ್ತಿತ್ತು. ಪ್ರತಿ ಭಾನುವಾರ ಬೆಳಗಿನ ರೈಲಿಗೆ ಭದ್ರಾವತಿಗೆ ಹೋಗಿ, ಊರಾಚೆಯ ಕೆರೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಬಲೆ ಎಳೆದೆ. ಸಿಕ್ಕಿದ್ದೆಲ್ಲ ಬರಿಬೆನ್ನಿನವು. ಒಂದು ನನ್ನ ಬೆರಳು ಚುಚ್ಚಿದಾಗ ಕುಣಿದಾಡಿಬಿಟ್ಟೆ. “ಅದೂ ಟಚಿಂಗ್ ಮಾಡ್ತು ನೋಡು!” ಎಂದು ಮೇಷ್ಟ್ರು ದಡದಲ್ಲಿ ಕೂತು ನಕ್ಕರು. ಅಂದಿನಿಂದ ನನ್ನ ಮನಸ್ಸು ಹಗುರವಾಯಿತು.

ನಾಲ್ಕನೆಯ ಭಾನುವಾರ ಬಲೆಯ ಪಾಚಿಯಲ್ಲಿ ಒಂದು ಹೊರಳಿತು. ಬೆನ್ನ ಮೇಲೆ ಅಕ್ಕಿಕಾಳು ನಿಲ್ಲಿಸಿದಂತೆ ಮೊಟ್ಟೆಗಳು. ಬಾಟಲಿಯನ್ನು ಎದೆಗವಚಿಕೊಂಡೇ ರೈಲು ಹತ್ತಿದೆ. ಈ ಸಲ ಹುಳ ಕಪ್ಪೆಮರಿ ಹಿಡಿಯುವುದನ್ನು ಕಾದು, ಮಾಲೀಕರ ಪಕ್ಕದಲ್ಲೇ ನಿಂತು ನೋಡಿದೆ. ಪ್ಲೇಟ್ ತೊಳೆಯುವಾಗ ಚಾಕುವನ್ನು ಮಾಲೀಕರ ಕೈಗೇ ಕೊಟ್ಟಿದ್ದೆ.

ಪ್ರದರ್ಶನದಲ್ಲಿ ಗಣಿತದ ಮೇಷ್ಟ್ರು ಚಿತ್ರಕ್ಕೆ ಮೂಗು ತಾಗಿಸುವಷ್ಟು ಹತ್ತಿರ ಬಗ್ಗಿದರು. “ಊಟ ಮಾಡುವಾಗಲೂ ಮಕ್ಕಳನ್ನ ಇಳಿಸಿಲ್ಲವಲ್ರೀ ಇದು!”

ನಮ್ಮ ಮೇಷ್ಟ್ರು ನನ್ನನ್ನು ಮುಂದೆ ಎಳೆದರು. “ಈ ಮಾರಾಯನಿಂದಲೇ ಬಂದ ಚಿತ್ರ. ಈ ಸಲ ಪ್ಲೇಟಿಗೆ ಅವನು ಏನೂ ಮಾಡಿಲ್ಲ.”