ಹಕ್ಕು ಬಿಟ್ಟುಕೊಡುವ ಫಾರಂ

೧೫ ಮಾರ್ಚ್ ೧೯೯೯, ಸೋಮವಾರ, ಬೆಳಿಗ್ಗೆ ಎಂಟೂವರೆ. ಅಮೆರಿಕದ ಓಕ್ಲ್ಯಾಂಡ್ ಕೋರ್ಟಿನ ಕಾರಿಡಾರು. ಇದ್ದವರು: ತಂಗಿ ಶಾಲಿನಿ, ಅವಳ ಗಂಡ ವಾಮನ, ಸರ್ಕಾರ ಕೊಟ್ಟ ವಕೀಲೆ, ನಾನು.

ಹಿಂದಿನ ತಿಂಗಳು ಪೊಲೀಸರು ಕಾರು ನಿಲ್ಲಿಸಿದಾಗ ವಾಮನ, ನಮ್ಮ ಉಡುಪಿಯ ಮರ್ಯಾದೆಯಂತೆ ಕೆಳಗಿಳಿದು, ಲೈಸೆನ್ಸಿಗಾಗಿ ಜೇಬಿಗೆ ಕೈಹಾಕುತ್ತಾ ಅವರ ಬಳಿಗೇ ನಡೆದ. ಇಲ್ಲಿ ಸೀಟಿನಲ್ಲೇ ಕೂತಿರಬೇಕಂತೆ. ಪೊಲೀಸರ ಕರ್ತವ್ಯಕ್ಕೆ ಅಡ್ಡಿಯೆಂದು ಕೇಸು.

ಮೂವತ್ತು ವರ್ಷ ಉಡುಪಿಯ ಕೋರ್ಟಿನಲ್ಲಿ ಶಿರಸ್ತೇದಾರನಾಗಿ ಕಾಗದಪತ್ರ ತಿದ್ದಿದ್ದ ನಾನು, ಸಾಕ್ಷಿಗಳೆಲ್ಲಿ ಎಂದು ಕೇಳಿದೆ. ವಕೀಲೆ ನಕ್ಕರು. ಹೆಚ್ಚಿನ ಕೇಸುಗಳು ಕಾರಿಡಾರಿನ ಈ ಬೆಂಚಿನ ಮೇಲೇ ಮುಗಿಯುತ್ತವಂತೆ. ಇಂದೇ ತಪ್ಪು ಒಪ್ಪಿಕೊಂಡರೆ ಜೈಲಿಲ್ಲ. ವಿಚಾರಣೆಯೇ ಬೇಕೆಂದು ಹೋಗಿ ಸೋತರೆ ಜೈಲು.

"ನಾನು ತಪ್ಪೇ ಮಾಡ್ಲಿಲ್ಲ ಅಲ್ವಾ ಭಾವ?" ಎಂದ ವಾಮನ.

"ನಿಮ್ಮ ಸತ್ಯ ಯಾರಿಗೆ ಬೇಕು ಮಾರಾಯ್ರೆ? ಜೈಲಿಗೆ ಹೋದ್ರೆ ಆಸ್ಪತ್ರೆ ಕೆಲಸ ಉಳೀತದಾ?" ಎಂದಳು ಶಾಲಿನಿ.

ತಪ್ಪೊಪ್ಪಿಗೆಗೆಂದು ವಕೀಲೆ ಕೊಟ್ಟ ಫಾರಮಿನಲ್ಲಿ ಒಂದೊಂದು ಹಕ್ಕಿಗೂ ಒಂದೊಂದು ಚೌಕ. ಜ್ಯೂರಿ ಬೇಡ, ಸಾಕ್ಷಿಗಳನ್ನು ಪ್ರಶ್ನಿಸುವುದಿಲ್ಲ. ಬಿಟ್ಟುಕೊಟ್ಟದ್ದಕ್ಕೆಲ್ಲ ವಾಮನ ಇನಿಶಿಯಲ್ ಹಾಕುತ್ತಾ ಹೋದ. ಮನುಷ್ಯ ಇಷ್ಟು ಅಚ್ಚುಕಟ್ಟಾಗಿ ತನ್ನ ಹಕ್ಕುಗಳನ್ನು ಕಳೆದುಕೊಳ್ಳುವುದನ್ನು ನಾನು ಕಂಡಿರಲಿಲ್ಲ.

ಅಭ್ಯಾಸಬಲದಿಂದ ಫಾರಂ ತೆಗೆದುಕೊಂಡು ಪರಿಶೀಲಿಸಿದೆ. ಒಂದು ಚೌಕ ಖಾಲಿಯಿತ್ತು. ಈ ದೇಶದ ಪ್ರಜೆಯಲ್ಲದವನನ್ನು ಈ ತಪ್ಪೊಪ್ಪಿಗೆಯಿಂದಾಗಿ ಗಡೀಪಾರು ಮಾಡಬಹುದೆಂದು ಬಲ್ಲೆ ಎನ್ನುವ ಚೌಕ. ಗ್ರೀನ್ ಕಾರ್ಡು ಇನ್ನೂ ಬಾರದ ವಾಮನ ಅದನ್ನು ಬೇಕೆಂದೇ ಬಿಟ್ಟಿದ್ದನೇನೋ. ಆ ಯೋಚನೆ ಬರುವ ಮೊದಲೇ ನನ್ನ ಬೆರಳು ಅಲ್ಲಿಗೆ ಹೋಗಿತ್ತು.

"ಇಲ್ಲೊಂದು ಬಾಕಿ" ಎಂದೆ.

ವಾಮನ ನನ್ನ ಮುಖ ನೋಡಿದ. ಆಮೇಲೆ ಇನಿಶಿಯಲ್ ಹಾಕಿದ. ಒಂಬತ್ತೂ ಹತ್ತಕ್ಕೆ ಫಾರಂ ವಕೀಲೆಯ ಕೈಗೆ ಕೊಟ್ಟೆ.