ನರ್ಸಮ್ಮನ ಚೀಲ ಹೊತ್ತ ವಾರ

ಮೊನ್ನೆ ತುರುವೇಕೆರೆ ಕಡೆಯ ಹೆಂಗಸೊಬ್ಬರ ನಾಡಿ ನೋಡಲು ಬಗ್ಗಿದಾಗ ಅವರ ಸೆರಗಿನಿಂದ ತೆಂಗಿನ ಮಟ್ಟೆಯ ಹೊಗೆಯ ವಾಸನೆ ಬಂತು. ನಮ್ಮ ನರ್ಸಮ್ಮನ ಸೀರೆಯೂ ಸದಾ ಹಾಗೇ ಇರುತ್ತಿತ್ತು...

ಎಂಬತ್ತರ ದಶಕ. ನಾನು ವೈದ್ಯಕೀಯ ವಿದ್ಯಾರ್ಥಿ. ಅದೇ ತುರುವೇಕೆರೆ ಕಡೆಯ ದಂಡಿನಶಿವರದ ಸುತ್ತಿನ ಹಳ್ಳಿಗಳಲ್ಲಿ ಒಂದು ವಾರ ನರ್ಸಮ್ಮನ ಜೊತೆ ತಿರುಗಿ ಅವರ ಕೆಲಸ ನೋಡಿ ಬಾ ಎಂದು ಕಾಲೇಜಿನವರು ಕಳಿಸಿದ್ದರು. ನರ್ಸಿನ ಹಿಂದೆ ಅಲೆಯುವುದೇ ಎಂದು ನನಗೆ ಉರಿ. ಡಾಕ್ಟರಾಗುವವನಿಗೆ ಎರಡು ಕೊಂಬು ಬೇರೆ! ಅವರು ಮೊದಲ ದಿನವೇ ತಮ್ಮ ಚೀಲವನ್ನು ನನ್ನ ಹೆಗಲಿಗೇರಿಸಿ, "ನಡೀರಿ ಡಾಕ್ಟ್ರೇ, ಬಿಸ್ಲೇರೋದ್ರೊಳ್ಗೆ ನಾಕು ಮನೆ ಮುಗ್ಸಾನ" ಎಂದಿದ್ದರು.

ಮೂರನೆಯ ದಿನ ತೋಟದ ಮನೆಯೊಂದರಲ್ಲಿ ಆರು ತಿಂಗಳ ಕೂಸಿಗೆ ವಾಂತಿಭೇದಿ. ಕಣ್ಣು ಗುಳಿಬಿದ್ದಿತ್ತು. ನರ್ಸಮ್ಮ ಇನ್ನೂ ಅಂಗಳದಲ್ಲಿದ್ದರು. ನಾನು ಬೂಟುಗಾಲಲ್ಲೇ ಒಳನುಗ್ಗಿ, "ನೀರು ಯಾಕೆ ಕೊಟ್ಟಿಲ್ಲ? ಮಗು ಸಾಯುತ್ತೆ!" ಎಂದು ತಾಯಿಯನ್ನು ಗದರಿದೆ. ಕೂಸಿನ ಅಜ್ಜಿ ಅದನ್ನೆತ್ತಿಕೊಂಡು ಕೋಣೆ ಸೇರಿ ಅಗುಳಿ ಹಾಕಿಕೊಂಡರು. "ಸಾಯ್ತದೆ ಅನ್ನೋ ಬಾಯ್ಗೆ ನನ್ ಮೊಮ್ಮಗೂನ ತೋರ್ಸಲ್ಲ ಕಣ್ರೀ!"

ಗದ್ದಲ ಕೇಳಿ ಬಾಗಿಲಿಗೆ ಬಂದ ನರ್ಸಮ್ಮ ಬೈಯಲಿಲ್ಲ. ಬಚ್ಚಲಿಗೆ ಕರೆದೊಯ್ದು ನನ್ನಿಂದ ಕಾಲು ತೊಳೆಸಿದರು, ತಾವೂ ತೊಳೆದುಕೊಂಡರು. ಹೊರಗಿನಿಂದ ಬಂದವರು ಕಾಲು ತೊಳೆಯದೆ ಕೂಸಿನ ಹತ್ತಿರ ಹೋಗಬಾರದೆಂದು ನನ್ನ ಪುಸ್ತಕಗಳಲ್ಲಿ ಇರಲಿಲ್ಲ. ಆಮೇಲೆ ಕೋಣೆಯ ಬಾಗಿಲಿಗೆ ಎದುರಾಗಿ ಚಕ್ಕಳಮಕ್ಕಳ ಹಾಕಿ ಕೂತರು.

"ಅಕ್ಕಾ, ಹುಡುಗ್ರ ಮಾತು ಬುಡಿ. ಕಾಯ್ಸಿ ಆರ್ಸಿದ ನೀರಿಗೆ ಉಪ್ಪು, ಸಕ್ರೆ ಹಾಕಿ ನಾನ್ ಕಲಸ್ಕೊಡ್ತೀನಿ. ನಿಮ್ ಕೈಯಲ್ಲೇ ಕುಡ್ಸಿ. ನಿಮ್ ಕೈಗುಣ ಊರಿಗೇ ಗೊತ್ತು."

ಅಗುಳಿ ಸರಿಯಿತು. ಅಜ್ಜಿ ಚಮಚ ಚಮಚವಾಗಿ ಕುಡಿಸಿದರು, ನಾನು ನೀರು ಆರಿಸಿಕೊಡುತ್ತಾ ಕೂತೆ. ಸಂಜೆ ಕೂಸು ನನ್ನ ಮಡಿಲಲ್ಲೇ ಉಚ್ಚೆ ಹುಯ್ದಾಗ ನರ್ಸಮ್ಮ ಚಪ್ಪಾಳೆ ತಟ್ಟಿ ನಕ್ಕರು. "ಗೆದ್ವಿ ಡಾಕ್ಟ್ರೇ! ಮೈಯಲ್ಲಿ ನೀರು ನಿಂತ್ಕೊಂತು!" ಅಷ್ಟು ಸಂತೋಷ ನನಗೆ ಡಿಗ್ರಿ ಸಿಕ್ಕ ದಿನವೂ ಆಗಲಿಲ್ಲ.

ವಾರದ ಕೊನೆಗೆ ಇಂಗ್ಲಿಷಿನಲ್ಲಿ ವರದಿ ಬರೆದೆ. ಮಗುವಿಗೆ ನಾನೇ ಚಿಕಿತ್ಸೆ ಕೊಟ್ಟೆ ಎಂದಷ್ಟೇ ಬರೆದೆ. ಅಗುಳಿ ಹಾಕಿಸಿದವನೂ ಅದರಲ್ಲಿರಲಿಲ್ಲ, ತೆಗೆಸಿದವರೂ ಇರಲಿಲ್ಲ. ಅದಕ್ಕೆ ನರ್ಸಮ್ಮನ ಸಹಿ ಬೇಕಿತ್ತು.

"ನಂಗೆ ಇಷ್ಟೆಲ್ಲ ಇಂಗ್ಲಿಷ್ ಬರಲ್ಲ. ನನ್ ವಿಷ್ಯಾನೂ ಬರ್ದಿದೀರಾ?"

"ಬರೆದಿದೀನಿ" ಎಂದೆ.

ಅವರು ನಾಚಿಕೊಂಡು, ಕೈ ಒರೆಸಿಕೊಂಡು, ನಿಧಾನವಾಗಿ ಸಹಿ ಹಾಕಿದರು...

ಮೊನ್ನೆ ಬಂದ ಹೆಂಗಸನ್ನು ವಿಚಾರಿಸಿದೆ. ನರ್ಸಮ್ಮ ತೀರಿಕೊಂಡು ಬಹಳ ವರ್ಷವಾಯಿತಂತೆ. ಈಗ ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ. ಓದಲು ಅವರಿಲ್ಲ.