ಅಪ್ಪ ನೋಡದ ಸಿನೆಮಾ

ಊರೂರು ತಿರುಗುವ ಟೆಂಟ್ ಸಿನೆಮಾದಲ್ಲಿ ನನ್ನ ಅಪ್ಪ ಮೆಷಿನ್ ಆಪರೇಟರ್. ಟೆಂಟ್ ಎಲ್ಲಿ ನಿಂತಿತೋ ಅಲ್ಲೇ ಅವರ ಊಟ, ಅಲ್ಲೇ ನಿದ್ದೆ. ಹಬ್ಬಕ್ಕೆ ಬರುತ್ತೇನೆಂದು ಹೇಳಿ ಕಳಿಸಿದವರು ಹಬ್ಬ ಕಳೆದು ಬರುತ್ತಿದ್ದರು. ಬಂದರೂ ಕಿಸೆಯಿಂದ ಯಾವುದೋ ಸ್ಕ್ರೂ ತೆಗೆದು ಉಜ್ಜುತ್ತಾ ಜಗಲಿಯಲ್ಲಿ ಕೂತುಬಿಡುತ್ತಿದ್ದರು. ದೀಪದ ಬುಡದಲ್ಲಿ ಕತ್ತಲೆ ಎಂದು ಅಮ್ಮ ಗೊಣಗಿ ಸುಮ್ಮನಾಗುತ್ತಿದ್ದಳು. ನನ್ನದು ಸುಮ್ಮನಾಗುವ ಪ್ರಾಯವಾಗಿರಲಿಲ್ಲ, ಸ್ವಭಾವವಂತೂ ಮೊದಲೇ ಅಲ್ಲ.

ಒಂದು ವರ್ಷ ಕೊಯ್ಲು ಮುಗಿದ ಮೇಲೆ ಟೆಂಟ್ ನಮ್ಮ ಊರು ಮೊಗ್ರಾಲಿಗೇ ಬಂತು. ಗದ್ದೆಯಲ್ಲಿ ನೆಟ್ಟ ಕಂಬಗಳು ನಮ್ಮ ಅಂಗಳಕ್ಕೆ ಕಾಣುತ್ತಿದ್ದವು. ಇನ್ನಾದರೂ ಅಪ್ಪ ಮನೆಯಲ್ಲಿ ಇರುತ್ತಾರೆಂದು ಹಿಗ್ಗಿದೆ. ಎಲ್ಲಿಯ ಮನೆ! ಮೆಷಿನನ್ನು ಒಂಟಿಯಾಗಿ ಬಿಟ್ಟು ಬರಲಿಕ್ಕಾಗುವುದಿಲ್ಲವಂತೆ. ಅವರ ಬುತ್ತಿಯನ್ನೂ ಅಮ್ಮ ಅಲ್ಲಿಗೇ ಒಯ್ಯಬೇಕಾಯಿತು.

ಆ ವಾರ ಹಾಕಿದ್ದು ಒಂದು ತಮಿಳು ಸಿನೆಮಾ. ಸೇತುವೆ ಕಟ್ಟುವ ಇಂಜಿನಿಯರ್ ಒಬ್ಬ. ಅವನಿಗೆ ನನ್ನದೇ ಪ್ರಾಯದ ಮಗಳು. ಅವಳು ಕಿಟಕಿಯಲ್ಲಿ ಕಾಯುತ್ತಾಳೆ, ಅವನು ಸೇತುವೆ ಬಿಟ್ಟು ಬರುವುದಿಲ್ಲ. ಅವಳು ಬೆಳೆದು ದೊಡ್ಡವಳಾಗಿ, ಮದುವೆಯ ದಿನವೂ ಅವನ ಪತ್ತೆಯಿಲ್ಲ. ಕೊನೆಗೆ ಮುಹೂರ್ತದ ಹೊತ್ತಿಗೆ ಅವನು ಗೇಟಿನಲ್ಲಿ ಕಾಣಿಸಿದಾಗ ಟೆಂಟಿಗೆ ಟೆಂಟೇ ಅತ್ತಿತು. ಭಾಷೆ ನಮಗೆ ಪೂರ್ತಿ ತಿಳಿಯದಿದ್ದರೂ ಅಳುವುದಕ್ಕೆ ಅಡ್ಡಿಯಾಗಲಿಲ್ಲ.

ಅಮ್ಮನ ಪಕ್ಕದಲ್ಲಿ ಕೂತು ನಾನೂ ಅತ್ತೆ. ಆದರೆ ನನ್ನದು ಸಿಟ್ಟಿನ ಅಳು. ಇದೇ ಕಥೆಯನ್ನು ಅಪ್ಪ ದಿನಕ್ಕೆ ಎರಡು ಆಟ ತೋರಿಸುತ್ತಾರೆ. ಇಷ್ಟು ಸಲ ನೋಡಿಯೂ ಕೂಗಳತೆಯಲ್ಲಿರುವ ಮನೆಗೆ ಬರಬೇಕೆಂದು ಅನ್ನಿಸದಿದ್ದರೆ, ಅವರಿಗೆ ನಾನು ಬೇಡವೆಂದೇ ಅರ್ಥ. ರಾತ್ರಿಯಿಡೀ ಅದೇ ಯೋಚನೆ ಕೊರೆಯಿತು.

ಮರುದಿನ ಬುತ್ತಿ ನಾನೇ ಒಯ್ಯುತ್ತೇನೆಂದು ಹಟ ಹಿಡಿದೆ. ಮೊದಲ ಆಟದ ಕೊನೆಯ ರೀಲು ಶುರುವಾಗುವಾಗ ಮೆಷಿನಿನ ತಗಡಿನ ಕೋಣೆಗೆ ನುಗ್ಗಿದೆ. ಒಳಗೆ ಒಲೆಯ ಸೆಖೆ. ಅಪ್ಪ ಪರದೆಗೆ ಬೆನ್ನು ಹಾಕಿ, ಮುಗಿದ ರೀಲುಗಳನ್ನು ಎರಡನೆಯ ಆಟಕ್ಕಾಗಿ ಕೈಯಿಂದ ತಿರುಗಿಸಿ ಸುತ್ತುತ್ತಿದ್ದರು. ಬುತ್ತಿ ಕುಕ್ಕಿ ಕೇಳಿಯೇಬಿಟ್ಟೆ.

"ಈ ಸಿನೆಮಾ ನೋಡಿ ನಿಮಗೆ ಎಂತದೂ ಆಗುವುದಿಲ್ಲವಾ ಅಪ್ಪ?"

"ನೋಡ್ಲಿಕ್ಕೆ ಪುರುಸೊತ್ತು ಎಲ್ಲುಂಟು ಮಗಳೇ? ನಾನು ನೋಡುವುದು ಬೆಳಕು ಮಾತ್ರ" ಎಂದರು.

ಮೆಷಿನಿನೊಳಗೆ ಎರಡು ಕಾರ್ಬನ್ ಕಡ್ಡಿಗಳು ಎದುರುಬದುರಾಗಿ ಉರಿಯುತ್ತವಂತೆ. ಉರಿದು ಗಿಡ್ಡವಾದ ಹಾಗೆ ತಿರುಪು ತಿರುಗಿಸಿ ಅವನ್ನು ಹತ್ತಿರ ತರುತ್ತಲೇ ಇರಬೇಕು, ಮರೆತರೆ ಬೆಳಕು ಆರುತ್ತದೆ. ಕೊನೆಯ ರೀಲಿನಲ್ಲಂತೂ ಸುತ್ತುವ ಕೆಲಸವೂ ಸೇರಿ ತಲೆ ಎತ್ತಲಾಗುವುದಿಲ್ಲ. ಇಷ್ಟು ವಿವರಿಸಿದ ಅಪ್ಪ ನಾಚಿಕೊಂಡೇ ಕೇಳಿದರು:

"ಕಡೆಗೆ ಆ ಹುಡುಗಿಯ ಅಪ್ಪ ಬರ್ತಾನಾ?"

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಅಪ್ಪ ನೋಡಿಯೂ ಕರಗದವರಲ್ಲ, ನೋಡಿಯೇ ಇರಲಿಲ್ಲ! ನಗು ತಡೆಯಲಾಗಲಿಲ್ಲ, ಕಣ್ಣೂ ತುಂಬಿತು. ಉತ್ತರ ಮಾತ್ರ ಹೇಳಲಿಲ್ಲ. ರೀಲಿನ ಹಿಡಿಯನ್ನು ಅವರ ಕೈಯಿಂದ ಕಿತ್ತುಕೊಂಡು, ನಾನು ಸುತ್ತುತ್ತೇನೆ, ನೀವೇ ನೋಡಿ ಎಂದೆ.

ಅಪ್ಪ ಗೋಡೆಯ ಕಿಂಡಿಗೆ ಮುಖ ಹಚ್ಚಿದರು. ಮೊದಮೊದಲು ಒಂದು ಕೈ ಕಾರ್ಬನ್ನಿನ ತಿರುಪಿನ ಮೇಲೇ ಇತ್ತು. ಹುಡುಗಿ ಮಂಟಪದಿಂದ ಬಾಗಿಲ ಕಡೆ ನೋಡುವ ಹೊತ್ತಿಗೆ ಆ ಕೈಯೂ ಬಂದು ಕಿಂಡಿಯ ಅಂಚನ್ನು ಹಿಡಿಯಿತು. ನಾನು ಸುತ್ತುತ್ತಾ ಅವರನ್ನೇ ನೋಡುತ್ತಿದ್ದೆ. ಹೊರಗೆ ಸಿನೆಮಾದ ಗೇಟು ಕಿರುಗುಟ್ಟಿದ ಸದ್ದು ಕೇಳಿತು, ಅಷ್ಟರಲ್ಲಿ ಪರದೆ ಕಪ್ಪಾಯಿತು.

ಗದ್ದೆ ತುಂಬ ಬೊಬ್ಬೆ, ಸಿಳ್ಳೆ. ಅಪ್ಪ ಗಡಿಬಿಡಿಯಲ್ಲಿ ತಿರುಪು ತಿರುಗಿಸತೊಡಗಿದರು. ಟೆಂಟಿನ ಧಣಿ ಓಡಿಬಂದು, ಇಷ್ಟು ವರ್ಷ ಒಮ್ಮೆಯೂ ಆರದ ಬೆಳಕಿಗೆ ಇವತ್ತು ಎಂತ ಬಂತು ಎಂದು ಅಬ್ಬರಿಸಿದರು. ನಾನು ಹಿಡಿ ತಿರುಗಿಸುತ್ತಲೇ ಇದ್ದೆ. ಅಷ್ಟು ಗಲಾಟೆಯಲ್ಲಿ ನನ್ನಷ್ಟು ನೆಮ್ಮದಿಯಿಂದ ಇದ್ದವರು ಇನ್ನೊಬ್ಬರಿರಲಿಕ್ಕಿಲ್ಲ.

ಅಪ್ಪ ತಲೆ ಎತ್ತದೆ ಹೇಳಿದರು: "ಸಿನೆಮಾ ನೋಡ್ತಾ ಇದ್ದೆ."